ಅನುಮಾನ ಬಂದ ದಿನವೇ ಹೇಳಬೇಕು

ಒಂದು ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕೆಲಸಕ್ಕೆಂದು ಎಕ್ಸೆಲ್ ಹಾಳೆಯೊಂದು ತಯಾರಾಗುತ್ತದೆ ಎಂದುಕೊಳ್ಳೋಣ. ನೂರಾರು ಹುಡುಗ ಹುಡುಗಿಯರ ಹೆಸರು, ವಿದ್ಯಾರ್ಥಿ ಸಂಖ್ಯೆ (ಯುಎಸ್‌ಎನ್), ತಂದೆಯ ಹೆಸರು, ಮೊಬೈಲ್ ನಂಬರು, ಜಾತಿ ಪ್ರವರ್ಗ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಅದರಲ್ಲಿವೆ. ತಪ್ಪಿದ್ದರೆ ನೋಡಿ ಹೇಳಲಿ ಎಂದು ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ, ಲಿಂಕ್ ಇದ್ದವರೆಲ್ಲ ನೋಡುವಂತೆ ತೆರೆದಿಟ್ಟು, ಆ ಲಿಂಕನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ. ಕೆಲಸ ಮುಗಿಯುತ್ತದೆ, ಹಾಳೆ ಮಾತ್ರ ತೆರೆದೇ ಇರುತ್ತದೆ. ಮೂರು ತಿಂಗಳಾದ ಮೇಲೆ ಒಬ್ಬ ಹುಡುಗಿ ಬಂದು, ‘ಸರ್, ಇದು ಎಲ್ಲಾರಿಗೂ ಕಾಣಾಕತ್ತೈತ್ರೀ’ ಅನ್ನುತ್ತಾಳೆ. ಕಚೇರಿಯವರು ಗಾಬರಿಯಾಗಿ ಐದು ನಿಮಿಷದಲ್ಲಿ ಲಿಂಕ್ ಬಂದ್ ಮಾಡುತ್ತಾರೆ.

ಆ ಮೂರು ತಿಂಗಳಲ್ಲಿ ಅದನ್ನು ಯಾರು ನೋಡಿದರು, ಯಾರು ಇಳಿಸಿಕೊಂಡರು? ಲಾಗಿನ್ ಆಗದೆ ಲಿಂಕ್ ಒತ್ತಿದವರ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಗುಂಪಿನಿಂದ ಗುಂಪಿಗೆ ಲಿಂಕ್ ಹೋಗಿದ್ದರೆ ಅದರ ಜಾಡು ಹಿಡಿಯಲೂ ಆಗುವುದಿಲ್ಲ. ಹೋಗಿದೆ ಎಂದು ಸಾಬೀತು ಮಾಡಲಾಗದು, ಹೋಗಿಲ್ಲ ಎಂದೂ ಸಾಬೀತು ಮಾಡಲಾಗದು. ಕಚೇರಿಯಲ್ಲಿ ಆಗ ಬರುವ ಮಾತು ಬಹುಪಾಲು ಒಂದೇ: ‘ಏನೂ ಆಗಿಲ್ಲ ಬಿಡ್ರಿ, ಬಂದ್ ಮಾಡೇವಲ್ಲ. ಸುಮ್ಮನ ಹುಡುಗರಿಗೆ ಯಾಕ ಹೇಳೋದು?’

ಹೇಳಬೇಕು ಎಂಬುದೇ ನನ್ನ ವಾದ. ಅನುಮಾನ ಬಂದ ದಿನವೇ, ಅದು ಅನುಮಾನ ಎಂದೇ ಹೇಳಬೇಕು. ಸಾಬೀತಾಗಲಿ ಎಂದು ಕಾಯುವ ಸಂಸ್ಥೆ ಬಹಳಷ್ಟು ಸಲ ಎಂದಿಗೂ ಬರದ ಪುರಾವೆಗಾಗಿ ಕಾಯುತ್ತಿರುತ್ತದೆ. ಆ ಕಾಯುವಿಕೆಯ ಬೆಲೆ ತೆರುವವರು ಕಚೇರಿಯ ಹೊರಗಿದ್ದಾರೆ, ಅವರಿಗೆ ತಾವು ಬೆಲೆ ತೆರುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಿಂತು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. 1906ರಲ್ಲಿ ಶುರುವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1963ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಅಲ್ಲಿಂದ ಈಚೆಗೆ ಈ ಗುಡ್ಡದ ಸುತ್ತ ಓದಿನ ಊರೇ ಬೆಳೆದಿದೆ. ಇಳಕಲ್ಲಿನ ಸೀರೆ ನೇಯುವವರ ಮಕ್ಕಳು, ಗುಳೇದಗುಡ್ಡದ ಖಣ ನೇಯುವವರ ಮಕ್ಕಳು, ಹುನಗುಂದದ ಎರೆಹೊಲದ ರೈತರ ಮಕ್ಕಳು, ಬಾದಾಮಿಯ ಕಲ್ಲು ಕೆಲಸದವರ ಮಕ್ಕಳು ಇಲ್ಲಿಗೆ ಬರುತ್ತಾರೆ. ಬಹಳ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಇದು. ಅರ್ಜಿಯಲ್ಲಿ ಬರೆದ ಮೊಬೈಲ್ ನಂಬರು ತಂದೆಯದ್ದೋ ಕಾಕಾನದ್ದೋ ಆಗಿರುತ್ತದೆ. ಕೊಟ್ಟ ಪಾಸ್‌ಬುಕ್ಕಿನ ಖಾತೆಗೇ ಮಗಳ ಸ್ಕಾಲರ್‌ಶಿಪ್ಪೂ ಬರುತ್ತದೆ, ತಾಯಿಯ ಕೂಲಿಯೂ ಬರುತ್ತದೆ.

ಈ ಊರಿನವರಿಗೆ ಕಾಗದದ ಬೆಲೆ ಬೇರೆಯವರಿಗಿಂತ ಹೆಚ್ಚು ಗೊತ್ತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳನ್ನು ನುಂಗಿದಾಗ ಮನೆಗೆ ಪರಿಹಾರ, ನವನಗರದಲ್ಲಿ ನಿವೇಶನ ಸಿಗಬೇಕೆಂದರೆ ಕೈಯಲ್ಲಿ ದಾಖಲೆ ಇರಬೇಕಿತ್ತು. ಕೇಳಿದ ಕಾಗದ ಕೊಡದಿದ್ದರೆ ಹಕ್ಕೇ ಹೋಗುತ್ತದೆ ಎಂಬ ಅನುಭವ ಆ ತಲೆಮಾರಿನದ್ದು. ಅವರ ಮೊಮ್ಮಕ್ಕಳು ಕಾಲೇಜಿನ ಕಿಟಕಿಯ ಮುಂದೆ ನಿಂತು ‘ಆಧಾರ್ ಯಾಕೆ ಬೇಕು ಸರ್’ ಎಂದು ಕೇಳುವುದಿಲ್ಲ. ಕೇಳಿದ್ದಕ್ಕಿಂತ ಎರಡು ಝೆರಾಕ್ಸ್ ಹೆಚ್ಚೇ ಕೊಡುತ್ತಾರೆ. ಇಷ್ಟು ನಂಬಿಕೆಯಿಂದ ಕೊಟ್ಟವರ ಕಡೆಗೆ ಸಂಸ್ಥೆಯ ಹೊಣೆ ಏನು ಎಂಬುದೇ ಇಲ್ಲಿರುವ ಪ್ರಶ್ನೆ.

ಹೆಸರು, ನಂಬರು ಹೋದರೆ ಏನಾದೀತು ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರಗಳಿವೆ. 2024ರ ಇಂಜಿನಿಯರಿಂಗ್ ಸೀಟು ಹಂಚಿಕೆಯನ್ನೇ ನೋಡಿ. ಕೆಲವು ಅಭ್ಯರ್ಥಿಗಳ ಲಾಗಿನ್ ವಿವರ ಬಳಸಿ, ಅವರಿಗೆ ಗೊತ್ತೇ ಇಲ್ಲದಂತೆ ಕೊನೆಯ ಸುತ್ತಿನಲ್ಲಿ ಸರ್ಕಾರಿ ಕೋಟಾದ ಸೀಟು ಹಿಡಿದಿಡಲಾಗಿತ್ತು. ಅವರು ಬಂದು ಸೇರುವುದಿಲ್ಲ, ಸೀಟು ಖಾಲಿ ಉಳಿಯುತ್ತದೆ, ಉಳಿದದ್ದು ಕಾಲೇಜಿಗೆ ಮರಳುತ್ತದೆ, ಅಲ್ಲಿ ಅದಕ್ಕೆ ಬೇರೆ ಬೆಲೆ. ಆ ನವೆಂಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಬೆಂಗಳೂರಿನ ಮಲ್ಲೇಶ್ವರ ಠಾಣೆಗೆ ದೂರು ಕೊಟ್ಟಿತು. ಡಿಸೆಂಬರ್‌ನಲ್ಲಿ ಪೊಲೀಸರು 10 ಜನರನ್ನು ಬಂಧಿಸಿದರು, ಪ್ರಾಧಿಕಾರದ ಒಳಗೇ ಕೆಲಸ ಮಾಡುತ್ತಿದ್ದವನೊಬ್ಬನೂ ಅವರಲ್ಲಿದ್ದ. ವಿದೇಶದ ಹ್ಯಾಕರ್ ಬೇಕಾಗಲಿಲ್ಲ, ಕಂಪ್ಯೂಟರ್ ವಿದ್ಯೆಯ ಚಮತ್ಕಾರವೂ ಬೇಕಾಗಲಿಲ್ಲ. ಪಾಸ್‌ವರ್ಡ್ ಕೈಯಲ್ಲಿದ್ದ ಒಬ್ಬ ಮನುಷ್ಯ ಸಾಕಾದ. ಬಡ ಮನೆಯ ಇನ್ನೊಂದು ಮಗುವಿಗೆ ಸಿಗಬೇಕಾದ ಸೀಟು ಆ ದಾರಿಯಲ್ಲಿ ಮಾಯವಾಯಿತು.

ಅದಕ್ಕಿಂತ ಒಂದು ವರ್ಷ ಮೊದಲು, 2023ರಲ್ಲಿ, ದಕ್ಷಿಣ ಕನ್ನಡ ಹಾಗೂ ಬೆಂಗಳೂರಿನ ಕಡೆ ಜನರ ಖಾತೆಗಳಿಂದ 10,000 ರೂಪಾಯಿಯಂತೆ ಹಣ ಹೋಗತೊಡಗಿತು. ಒಟಿಪಿ ಬಂದಿರಲಿಲ್ಲ, ಯಾರೂ ಫೋನ್ ಮಾಡಿರಲಿಲ್ಲ. ಹಣ ಕಳಕೊಂಡವರಲ್ಲಿ ಅನೇಕರು ಈಚೆಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದವರು. ದಸ್ತಾವೇಜಿನ ಪ್ರತಿಯಲ್ಲಿ ಅವರ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಆ ಗುರುತಿನ ನಕಲು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯುತ್ತಿದ್ದರು ಎಂದು ಪೊಲೀಸರು ಕಂಡುಕೊಂಡರು. ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು.

ಬೆರಳಚ್ಚಿನ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಎಷ್ಟೋ ಕಾಲೇಜುಗಳಲ್ಲಿ ಹಾಜರಾತಿಗೆ ಬೆರಳಚ್ಚಿನ ಯಂತ್ರಗಳಿವೆ. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಮೊಬೈಲ್ ನಂಬರನ್ನೂ ಕಷ್ಟಪಟ್ಟು ಬದಲಿಸಬಹುದು. ಬೆರಳು ಬದಲಿಸಲಾಗದು. ಹುಟ್ಟಿದ ದಿನ, ತಾಯಿಯ ಹೆಸರು, ಜಾತಿ ಇವೂ ಹಾಗೇ. ಹೀಗಿರುವಾಗ ‘ಪಾಸ್‌ವರ್ಡ್ ಬದಲಿಸಿಕೊಳ್ಳಿ’ ಎಂಬ ಒಂದು ಸಾಲಿನ ಸಂದೇಶ ಕಳಿಸಿ ಕೈ ತೊಳೆದುಕೊಳ್ಳುವುದು ಜವಾಬ್ದಾರಿ ಅನಿಸಿಕೊಳ್ಳುವುದಿಲ್ಲ. ಏನೇನು ಹೋಗಿರಬಹುದು, ಅದರಲ್ಲಿ ಬದಲಿಸಬಹುದಾದದ್ದು ಯಾವುದು, ಜೀವನವಿಡೀ ಜೊತೆಗಿರುವುದು ಯಾವುದು ಎಂದು ಬಿಡಿಸಿ ಹೇಳಬೇಕು. ಹೆಬ್ಬೆಟ್ಟನ್ನು ಬದಲಿಸಲಾಗದಿದ್ದರೂ ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಇಳಕಲ್ಲಿನ ಮಗ್ಗದ ಮುಂದೆ ಕೂತ ತಂದೆಗೆ ಅದು ಗೊತ್ತಾಗಬೇಕಾದರೆ ಯಾರಾದರೂ ಇವತ್ತೇ ಹೇಳಬೇಕಲ್ಲ?

ಇನ್ನೊಂದು ಬಗೆಯ ಹಾನಿ ಪೊಲೀಸ್ ಠಾಣೆಯ ತನಕ ಬರುವುದೇ ಇಲ್ಲ. ಹೆಣ್ಣುಮಕ್ಕಳ ಫೋಟೊ ಮತ್ತು ಫೋನ್ ನಂಬರು ಒಂದೇ ಸಾಲಿನಲ್ಲಿ ಸಿಕ್ಕಿದರೆ ರಾತ್ರಿ ಹೊತ್ತು ಫೋನ್ ಬರತೊಡಗುತ್ತದೆ. ಹುಡುಗಿ ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ‘ಕಾಲೇಜು ಸಾಕು, ಮನಿಗೆ ಬಾ’ ಎನ್ನುತ್ತಾರೆ ಎಂಬ ಅಂಜಿಕೆ. ಕಾಲೇಜು ಮೊದಲೇ ‘ನಮ್ಮ ಕಡೆಯಿಂದ ನಂಬರು ಹೊರಗೆ ಹೋಗಿರಬಹುದು, ಇದರಲ್ಲಿ ನಿಮ್ಮ ಮಗಳ ತಪ್ಪಿಲ್ಲ’ ಎಂದು ಪಾಲಕರಿಗೆ ತಿಳಿಸಿದ್ದರೆ ಆ ಹುಡುಗಿಯ ಓದು ಉಳಿಯುತ್ತಿತ್ತು. ನನ್ನ ಮಟ್ಟಿಗೆ, ಬೇಗ ಹೇಳಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇಲ್ಲ.

ಕೆಲವು ಗುರುತುಗಳಂತೂ ಗುಟ್ಟಾಗಿ ಇರುವುದೇ ಇಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಯುಎಸ್‌ಎನ್ ಬರೆಯುವ ಕ್ರಮ ಎಲ್ಲರಿಗೂ ಗೊತ್ತು: ಪ್ರದೇಶದ ಅಂಕಿ, ಕಾಲೇಜಿನ ಎರಡು ಅಕ್ಷರ, ಸೇರಿದ ವರ್ಷ, ವಿಭಾಗ, ಕೊನೆಗೆ ಮೂರು ಅಂಕಿಯ ಕ್ರಮಸಂಖ್ಯೆ. ವಿದ್ಯಾಗಿರಿಯ ಇಂಜಿನಿಯರಿಂಗ್ ಕಾಲೇಜಿನದು 2ಬಿಎ ಎಂದು ಶುರುವಾಗುತ್ತದೆ. ಒಬ್ಬರದು ಗೊತ್ತಾದರೆ ಪಕ್ಕದವರದು ಒಂದು ಕೂಡಿಸಿದರೆ ಸಿಗುತ್ತದೆ. ಈ ಸಂಖ್ಯೆಯಿಂದಲೇ ಹಾನಿ ಆಗುವುದಿಲ್ಲ. ಆದರೆ ಫೋನ್ ಮಾಡಿದವನು ‘ನಿಮ್ಮ ಮಗಳ ಯುಎಸ್‌ಎನ್ ಇದು, ಐದನೇ ಸೆಮಿಸ್ಟರ್, ಸ್ಕಾಲರ್‌ಶಿಪ್ ತಡೆದಿದೆ, ಈಗ ಬಂದ ಒಟಿಪಿ ಹೇಳಿ’ ಎಂದರೆ ತಂದೆ ನಂಬುತ್ತಾನೆ. ಯಾಕೆ ನಂಬಬಾರದು? ಇಷ್ಟೆಲ್ಲ ವಿವರ ಕಾಲೇಜಿನವರಿಗಲ್ಲದೆ ಬೇರೆ ಯಾರಿಗೆ ಗೊತ್ತಿರಲು ಸಾಧ್ಯ ಎಂದೇ ಅವನ ಲೆಕ್ಕ. ಸೋರಿದ ಮಾಹಿತಿ ಕಳ್ಳನ ಮಾತಿಗೆ ಕಾಲೇಜಿನ ಮೊಹರು ಒತ್ತುತ್ತದೆ.

ಬೇಗ ಹೇಳಬಾರದು ಎನ್ನುವವರ ಕಡೆಯೂ ಕಾರಣಗಳಿವೆ. ತಳ್ಳಿಹಾಕುವಂಥವಲ್ಲ. ಮೊದಲನೆಯದು, ಜನ ಗಾಬರಿಯಾಗುತ್ತಾರೆ. ಎರಡನೆಯದು, ತೂತು ಮುಚ್ಚುವ ಮೊದಲೇ ಸುದ್ದಿ ಹೊರಬಿದ್ದರೆ ಉಳಿದ ಕಳ್ಳರಿಗೂ ದಾರಿ ತೋರಿಸಿದಂತೆ. ಮೂರನೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅದೇ ಎಲ್ಲಕ್ಕಿಂತ ಬಲವಾದದ್ದು: ಸಂಸ್ಥೆಯ ಹೆಸರು ಕೆಡುತ್ತದೆ, ಮುಂದಿನ ವರ್ಷದ ಪ್ರವೇಶಕ್ಕೆ ಹೊಡೆತ ಬೀಳುತ್ತದೆ.

ಎರಡನೆಯ ಮಾತಿನಲ್ಲಿ ಹುರುಳಿದೆ. ತೂತು ಮುಚ್ಚಲು ಬೇಕಾದ ಗಂಟೆಗಳು, ಬೇಕಿದ್ದರೆ ಕೆಲವು ದಿನಗಳು, ತೆಗೆದುಕೊಳ್ಳಲಿ. ಯಾವ ಸರ್ವರ್, ಯಾವ ತಂತ್ರಾಂಶ, ಯಾವ ದೋಷ ಎಂಬುದನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ‘ನಿಮ್ಮ ಮಾಹಿತಿ ಹೊರಗೆ ಹೋಗಿರಬಹುದು, ಎಚ್ಚರವಾಗಿರಿ’ ಎಂದು ಸಂಬಂಧಪಟ್ಟವರಿಗೆ ಹೇಳುವುದಕ್ಕೆ ಆ ತಾಂತ್ರಿಕ ವಿವರಗಳ ಅಗತ್ಯವೇ ಇಲ್ಲ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಎರಡನ್ನೂ ಮುಚ್ಚಿಡುವುದೇ ತಪ್ಪು.

ಗಾಬರಿಯ ವಿಷಯಕ್ಕೆ ಬಂದರೆ, ದೂರದ ಎರಡು ಪ್ರಸಂಗಗಳನ್ನು ಎದುರುಬದುರು ಇಟ್ಟು ನೋಡಬಹುದು. ಅಮೆರಿಕದ ಅರಿಜೋನಾದಲ್ಲಿ ಮಾರಿಕೋಪಾ ಕೌಂಟಿಯ ಸಮುದಾಯ ಕಾಲೇಜುಗಳ ಆಡಳಿತಕ್ಕೆ 2013ರ ಏಪ್ರಿಲ್‌ನಲ್ಲಿ ಎಫ್‌ಬಿಐ ಎಚ್ಚರಿಕೆ ಕೊಟ್ಟಿತು. ವಿದ್ಯಾರ್ಥಿಗಳಿಗೆ, ಹಳೆ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಪತ್ರಗಳು ಹೋದದ್ದು ನವೆಂಬರ್‌ನಲ್ಲಿ. ಸುಮಾರು 24 ಲಕ್ಷ ಜನ ಏಳು ತಿಂಗಳು ಏನೂ ಗೊತ್ತಿಲ್ಲದೆ ಕೂತಿದ್ದರು. ಆಮೇಲೆ ಬಂದದ್ದು ಕೋರ್ಟು ಕಚೇರಿ, ಕೋಟಿಗಟ್ಟಲೆ ಖರ್ಚು, ಮತ್ತು ‘ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಒಂದೇ ಪ್ರಶ್ನೆ.

ಇನ್ನೊಂದು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ. 2018ರ ಕೊನೆಯಲ್ಲಿ ಒಳನುಗ್ಗಿದವರ ಸುಳಿವು ಅವರಿಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಜೂನ್ 4ರಂದು ಆಗಿನ ಕುಲಪತಿ, ಭೌತವಿಜ್ಞಾನಕ್ಕೆ ನೊಬೆಲ್ ಪಡೆದ ಬ್ರಯನ್ ಶ್ಮಿಟ್, ಎಲ್ಲರಿಗೂ ತಿಳಿಸಿದರು. 19 ವರ್ಷಗಳಷ್ಟು ಹಳೆಯ ದಾಖಲೆಗಳ ತನಕ ಕೈ ಹೋಗಿದೆ, ಸುಮಾರು 2 ಲಕ್ಷ ಜನರ ಮಾಹಿತಿ ಇರಬಹುದು ಎಂದರು. ಅಕ್ಟೋಬರ್‌ನಲ್ಲಿ ಇಡೀ ಘಟನೆಯ ವರದಿಯನ್ನು ಸಾರ್ವಜನಿಕವಾಗಿಟ್ಟರು. ಹಿರಿಯ ಸಿಬ್ಬಂದಿಯೊಬ್ಬರಿಗೆ ಬಂದ ಒಂದು ಇಮೇಲ್‌ನಿಂದ ಎಲ್ಲ ಶುರುವಾಯಿತು ಎಂಬುದೂ ಅದರಲ್ಲಿತ್ತು. ತನಿಖೆ ಮುಗಿದಾಗ ಹೊರಗೆ ಹೋದದ್ದು ಮೊದಲು ಅಂಜಿದ್ದಕ್ಕಿಂತ ಬಹಳ ಕಡಿಮೆ ಎಂದು ತಿಳಿಯಿತು. ಅಂದರೆ ಜೂನ್‌ನಲ್ಲಿ ಹೇಳಿದ ಅಂದಾಜು ದೊಡ್ಡದಾಗಿತ್ತು, ಆಮೇಲೆ ತಿದ್ದಿದರು. ಯಾರ ಮಾನವೂ ಹೋಗಲಿಲ್ಲ. ಎಷ್ಟು ಗೊತ್ತೋ ಅಷ್ಟನ್ನು ಹೇಳಿ, ಗೊತ್ತಾದಂತೆ ತಿದ್ದುತ್ತ ಹೋಗುವುದು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಅಂಥ ವಿಶ್ವವಿದ್ಯಾಲಯ ಕೂಡ ತಿಂಗಳುಗಟ್ಟಲೆ ಏನೂ ಅರಿಯದೆ ಇತ್ತು. ಆದ್ದರಿಂದ ನಮ್ಮ ಕಾಲೇಜೊಂದರಲ್ಲಿ ಹೀಗಾದರೆ ಗುಮಾಸ್ತರ ಮೇಲೆ ಹರಿಹಾಯುವುದು ನ್ಯಾಯವಲ್ಲ. ಸೋರಿಕೆಯನ್ನು ಕ್ಷಮಿಸಬಹುದು, ಮುಚ್ಚಿಟ್ಟದ್ದನ್ನು ಕ್ಷಮಿಸುವುದು ಕಷ್ಟ.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕನ್ನಡಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಅವರು ಹತ್ತಿದ ಮೆಟ್ಟಿಲಿನ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಸೋರಿಕೆಯಾದರೆ ಬಾಧಿತರಾದ ಪ್ರತಿಯೊಬ್ಬರಿಗೂ ತಡಮಾಡದೆ, ಸರಳ ಮಾತಿನಲ್ಲಿ ತಿಳಿಸಬೇಕು. ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಗಳೊಳಗೆ ವಿವರ ಕೊಡಬೇಕು. ತಿಳಿಸದಿದ್ದರೆ ದಂಡ 200 ಕೋಟಿ ರೂಪಾಯಿ ತನಕ ಹೋಗಬಹುದು. ತಪ್ಪಿನಿಂದ, ಗೊತ್ತಿಲ್ಲದೆ ಬಹಿರಂಗವಾದದ್ದೂ ಕಾಯ್ದೆಯ ಲೆಕ್ಕದಲ್ಲಿ ಸೋರಿಕೆಯೇ. ತೆರೆದಿಟ್ಟ ಎಕ್ಸೆಲ್ ಹಾಳೆ ಅದರೊಳಗೇ ಬರುತ್ತದೆ. ಯುರೋಪಿನ ಕಾನೂನಿನಲ್ಲಿ ಅಪಾಯ ಹೆಚ್ಚಿದ್ದರೆ ಮಾತ್ರ ವ್ಯಕ್ತಿಗಳಿಗೆ ತಿಳಿಸಬೇಕು; ನಮ್ಮಲ್ಲಿ ಆ ತಕ್ಕಡಿ ಇಲ್ಲ, ಎಲ್ಲ ಸೋರಿಕೆಯನ್ನೂ ತಿಳಿಸಬೇಕು. ಇದು ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಸರಿಯೆನಿಸುತ್ತದೆ. ಗುಳೇದಗುಡ್ಡದ ಒಂದು ಮನೆಗೆ ಅಪಾಯ ಎಷ್ಟು ಎಂದು ತೂಗುವ ಅಧಿಕಾರವನ್ನು ತಪ್ಪು ಮಾಡಿದ ಕಚೇರಿಯ ಕೈಯಲ್ಲೇ ಬಿಡಬಾರದು.

ತೊಡಕು ಇರುವುದು ಬೇರೆಡೆ. ಸಂಸ್ಥೆಗಳ ಮೇಲಿನ ಈ ಹೊಣೆ ಜಾರಿಗೆ ಬರಲು ನಿಯಮಗಳು 18 ತಿಂಗಳ ಸಮಯ ಕೊಟ್ಟಿವೆ, ಅಂದರೆ 2027ರ ಮೇ ತನಕ. ಈಗಾಗಲೇ ಇರುವ, ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದಂತೆ ಗೊತ್ತಾದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಅದು ದಿಲ್ಲಿಗೆ ಹೋಗುವ ವರದಿ. ವಿದ್ಯಾರ್ಥಿಗೆ ಹೇಳಬೇಕೆಂದು ಅದರಲ್ಲಿಲ್ಲ. ಹೀಗಾಗಿ ಈ ನಡುವಿನ ಕಾಲದಲ್ಲಿ ಹೇಳುವುದೂ ಬಿಡುವುದೂ ಸಂಸ್ಥೆಯ ಮನಸ್ಸಾಕ್ಷಿಗೆ ಬಿಟ್ಟದ್ದು. ಕಾನೂನಿನ ಗಡುವು ಬರುವ ತನಕ ಸುಮ್ಮನಿರುವೆವು ಎನ್ನುವ ವಿದ್ಯಾಸಂಸ್ಥೆ ಮಕ್ಕಳಿಗೆ ಏನು ಕಲಿಸೀತು?

ಹೇಗೆ ಹೇಳಬೇಕು ಎಂಬುದೂ ಮುಖ್ಯ. ನಾನು ನೋಡಲು ಬಯಸುವ ಸೂಚನೆ ಹೀಗಿದ್ದೀತು:

‘ಕಳೆದ ಮೂರು ತಿಂಗಳು ನಿಮ್ಮ ಹೆಸರು, ಯುಎಸ್‌ಎನ್, ತಂದೆಯ ಹೆಸರು, ಫೋನ್ ನಂಬರು, ಜಾತಿ ಪ್ರವರ್ಗ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಇದ್ದ ಪಟ್ಟಿ ನಮ್ಮ ತಪ್ಪಿನಿಂದ ತೆರೆದಿತ್ತು. ಯಾರು ನೋಡಿದ್ದಾರೆ ಎಂದು ಹೇಳಲು ನಮ್ಮಿಂದ ಆಗುತ್ತಿಲ್ಲ. ಅಂಕಪಟ್ಟಿ, ಪಾಸ್‌ವರ್ಡ್, ಬೆರಳಚ್ಚು ಅದರಲ್ಲಿ ಇರಲಿಲ್ಲ. ನಿನ್ನೆ ಸಂಜೆ ಅದನ್ನು ಮುಚ್ಚಿದ್ದೇವೆ. ಕಾಲೇಜಿನ ಹೆಸರು ಹೇಳಿ ಯಾರು ಒಟಿಪಿ ಕೇಳಿದರೂ ಕೊಡಬೇಡಿ, ನಾವು ಎಂದೂ ಕೇಳುವುದಿಲ್ಲ. ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಆಮೇಲೆ ನಮಗೆ ತಿಳಿಸಿ, ಠಾಣೆಗೆ ನಾವೂ ಜೊತೆಗೆ ಬರುತ್ತೇವೆ. ಮುಂದಿನ ಸೋಮವಾರ ಮತ್ತೆ ತಿಳಿಸುತ್ತೇವೆ.’

ಇದರ ಕೆಳಗೆ ಒಬ್ಬರ ಹೆಸರು, ಒಂದು ಫೋನ್ ನಂಬರು ಇರಬೇಕು. ಕನ್ನಡದಲ್ಲಿರಬೇಕು. ಇದರಲ್ಲಿ ಯಾವ ಲಿಂಕೂ ಇರಬಾರದು, ಯಾಕೆಂದರೆ ಇಂಥ ಸುದ್ದಿ ಹಬ್ಬಿದ ಮಾರನೆಯ ದಿನವೇ ಇದೇ ಮಾತಿನ ನಕಲಿ ಸಂದೇಶ ಲಿಂಕ್ ಹೊತ್ತು ಬರುತ್ತದೆ. ಬರೀ ವೆಬ್‌ಸೈಟಿನ ಮೂಲೆಯಲ್ಲಿ ಪಿಡಿಎಫ್ ಹಾಕಿದರೆ ತಂದೆಗೆ ಮುಟ್ಟುವುದಿಲ್ಲ. ತರಗತಿಯಲ್ಲಿ ಮೇಷ್ಟ್ರು ಓದಿ ಹೇಳಲಿ, ಮನೆಗೆ ಕಾಗದ ಹೋಗಲಿ, ಓದು ಬಾರದ ಪಾಲಕರಿಗೆ ಫೋನ್ ಮಾಡಲಿ. ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’, ‘ಯಾರೂ ಆತಂಕ ಪಡುವ ಅಗತ್ಯವಿಲ್ಲ’ ಎಂಬ ಸಾಲುಗಳನ್ನು ದಯವಿಟ್ಟು ಬಿಡಬೇಕು. ಆತಂಕ ಪಡಬೇಕೋ ಬೇಡವೋ ಎಂದು ಹಣ ಕಳೆದುಕೊಳ್ಳಬಹುದಾದವರು ತೀರ್ಮಾನಿಸಲಿ.

ಒಳಗಿನ ಕೆಲಸದಲ್ಲಿ ಒಂದನ್ನು ಮಾತ್ರ ಹೇಳಬೇಕು. ಸಂಶಯ ಬಂದ ಕೂಡಲೇ ಕಂಪ್ಯೂಟರನ್ನು ‘ಫಾರ್ಮ್ಯಾಟ್ ಹೊಡೆದು’ ಹೊಸದಾಗಿ ಶುರು ಮಾಡುವ ಚಾಳಿ ನಮ್ಮಲ್ಲಿ ಬಹಳ. ಅದರೊಂದಿಗೆ ಯಾರು ಬಂದರು, ಏನು ಒಯ್ದರು ಎಂಬ ಎಲ್ಲ ಕುರುಹೂ ಅಳಿಸಿಹೋಗುತ್ತದೆ. ನೆಟ್‌ವರ್ಕ್ ಕೇಬಲ್ ಕೀಳಬೇಕು, ಯಂತ್ರವನ್ನು ಹಾಗೇ ಬಿಡಬೇಕು, ಲಾಗ್‌ಗಳ ಪ್ರತಿ ತೆಗೆದಿಡಬೇಕು, ಜಿಲ್ಲೆಯ ಸೈಬರ್ ಅಪರಾಧಗಳ ಸಿಇಎನ್ ಪೊಲೀಸ್ ಠಾಣೆಗೆ ತಿಳಿಸಬೇಕು. ಸಾಫ್ಟ್‌ವೇರ್ ಹೊರಗಿನ ಕಂಪನಿಯದ್ದಾದರೆ ಅವರ ಬಳಿ ಇರುವ ಲಾಗ್‌ಗಳನ್ನೂ ಅದೇ ದಿನ ಲಿಖಿತವಾಗಿ ಕೇಳಬೇಕು.

ಕಡಿಮೆ ಇಟ್ಟುಕೊಂಡಷ್ಟೂ ಕಡಿಮೆ ಸೋರುತ್ತದೆ ಎಂಬುದು ಸರಳ ಲೆಕ್ಕ. ಸೀಟು ಸಿಗದೆ ಹೋದವರ ಅರ್ಜಿಗಳು, ಹತ್ತು ವರ್ಷದ ಹಿಂದೆ ಓದು ಮುಗಿಸಿದವರ ಪಾಸ್‌ಬುಕ್ ಪ್ರತಿ ಇವನ್ನೆಲ್ಲ ಯಾಕೆ ಇಟ್ಟುಕೊಳ್ಳಬೇಕು? ಯುಜಿಸಿಯಂಥ ಸಂಸ್ಥೆಗಳು ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು 2018ರ ಸೆಪ್ಟೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸ್ಕಾಲರ್‌ಶಿಪ್ಪಿಗೆ ಆಧಾರ್ ಬೇಕಾದರೆ ವಿದ್ಯಾರ್ಥಿ ಸರ್ಕಾರದ ಪೋರ್ಟಲ್‌ನಲ್ಲಿ ತಾನೇ ತುಂಬುತ್ತಾನೆ. ಕಾಲೇಜಿನ ಕಪಾಟಿನಲ್ಲಿ, ಕಾಲೇಜು ಪಕ್ಕದ ಝೆರಾಕ್ಸ್ ಅಂಗಡಿಯ ವಾಟ್ಸಾಪ್‌ನಲ್ಲಿ, ಸಹಾಯಕರ ಪೆನ್‌ಡ್ರೈವ್‌ನಲ್ಲಿ ಅದೇ ಸಂಖ್ಯೆ ಮತ್ತೆ ಮತ್ತೆ ಕೂತಿರಬೇಕಾಗಿಲ್ಲ.

ಈ ಜಿಲ್ಲೆಗೆ ಇನ್ನೊಂದು ಪ್ರಶ್ನೆ ಎದುರಾಗಿದೆ. ಜಮಖಂಡಿಯಲ್ಲಿ ಕೇಂದ್ರವಿರುವ ಬಾಗಲಕೋಟೆ ವಿಶ್ವವಿದ್ಯಾಲಯ ತೀರ ಹೊಸದು. ಅದಕ್ಕೆ ಮೊದಲು ಇಲ್ಲಿನ ಪದವಿ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. 2025ರ ಫೆಬ್ರವರಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಎದ್ದಾಗ ಬಾಗಲಕೋಟೆಯ ಹೆಸರೂ ಪಟ್ಟಿಯಲ್ಲಿತ್ತು. ಕಟ್ಟಡ, ಹುದ್ದೆ, ಅನುದಾನದ ಬಗ್ಗೆ ಎಲ್ಲರೂ ಮಾತಾಡಿದರು. ಮಕ್ಕಳ ದಾಖಲೆಗಳ ಬಗ್ಗೆ ಯಾರೂ ಮಾತೆತ್ತಿದ್ದು ನಾನು ಕೇಳಲಿಲ್ಲ. ಒಂದು ವಿಶ್ವವಿದ್ಯಾಲಯ ಇನ್ನೊಂದರಿಂದ ಬೇರೆಯಾದಾಗ, ಮತ್ತೆ ಕೂಡಿಕೊಂಡಾಗ ಸಾವಿರಾರು ಜನರ ವಿವರ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ, ಹಳೆಯದರಲ್ಲೂ ಒಂದು ಪ್ರತಿ ಉಳಿದಿರುತ್ತದೆ. ನೋಡುವವರಿಲ್ಲದ ಆ ಹಳೆಯ ಪ್ರತಿಯೇ ಎಲ್ಲಕ್ಕಿಂತ ಸುಲಭವಾಗಿ ಕದಿಯಬಹುದಾದದ್ದು. ಯಾವ ದಾಖಲೆ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ, ಯಾವುದನ್ನು ಅಳಿಸಲಾಗಿದೆ ಎಂಬ ಒಂದು ಪುಟದ ಲೆಕ್ಕವನ್ನು ಸಿಂಡಿಕೇಟ್‌ನ ಮುಂದಿನ ಸಭೆಯಲ್ಲಿ ಯಾವ ಸದಸ್ಯರಾದರೂ ಕೇಳಬಹುದು. ಉತ್ತರ ಬಂದರೆ ಅದನ್ನು ಪ್ರತಿ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಲಿ. ಬರದಿದ್ದರೆ ಆ ಪ್ರಶ್ನೆಯನ್ನೇ ಅಂಟಿಸಲಿ, ಜೂನ್‌ನಲ್ಲಿ ಅರ್ಜಿ ತುಂಬಲು ಬರುವ ಮಕ್ಕಳ ಪಾಲಕರು ಓದಿಕೊಳ್ಳುತ್ತಾರೆ.